ಅಂಬ್ರಪ್ಪನ ಸೂಜಿ

ಹುಲಿಗೆಮ್ಮ ಹೇಳಬೇಕಾಗಿದ್ದ ಮಾತು ಬಹಳ ಸಣ್ಣದು. "ನಮ್ಮತ್ತಿ ಕೂಸಿಗೆ ಬರಿ ಹಾಕಿದ್ಲು, ಅದಕ್ಕೇ ತೊಡಿ ಕೊಳೀತು, ನೀವ್ಯಾರೂ ಹಿಂಗ ಮಾಡಬ್ಯಾಡ್ರಿ." ಅಷ್ಟೇ. ಆರೋಗ್ಯ ಶಿಬಿರದ ದಿನ ಮೈಕಿನ ಮುಂದೆ ನಿಲ್ಲಬೇಕು, ಕೂಸನ್ನು ಎತ್ತಿ ಜನಕ್ಕೆ ತೋರಿಸಬೇಕು, ಈ ಮಾತು ಹೇಳಿ ಇಳಿಯಬೇಕು. ಕೈಗೆ ಒಂದು ಸೀರೆ ಮತ್ತು ಒಂದು ಬುಟ್ಟಿ ಹಣ್ಣು ಸಿಗುತ್ತದೆ. ಬಸವಂತರಾಯ ಸಾಹುಕಾರ ಅವಳನ್ನು ಮನೆಗೆ ಕರೆಸಿ, ಮನೆಗೆ ಅಂದರೆ ಮನೆಯ ಹಿಂದಿನ ದನದ ಕೊಟ್ಟಿಗೆಗೆ ಕರೆಸಿ, ತಾನೇ ಬಾಯಿಪಾಠ ಮಾಡಿಸಲು ನಿಂತಿದ್ದ.

"ಎಲ್ಲಿ, ಒಮ್ಮಿ ಅಂದು ತೋರ್ಸು."

ಹುಲಿಗೆಮ್ಮ ಅನ್ನಲಿಲ್ಲ. ನೆಲ ನೋಡುತ್ತ ನಿಂತಳು. ಸಾಹುಕಾರ ಅದನ್ನು ನಾಚಿಕೆ ಎಂದುಕೊಂಡ. ಕುರಿ ಕಾಯುವ ಹೆಂಗಸು ತನ್ನೆದುರು ಬಾಯಿ ಮುಚ್ಚಿ ನಿಂತರೆ ಅದು ನಾಚಿಕೆ, ಇಲ್ಲವೇ ಅಂಜಿಕೆ. ಮೂರನೆಯದು ಒಂದು ಇರಬಹುದು ಎಂದು ಅವನ ತಲೆಗೆ ಹುಟ್ಟಿದಾಗಿನಿಂದ ಹೊಳೆದಿಲ್ಲ.

"ಶಿಬಿರದ ದಿನ ಅಂದ್ರ ಸಾಕು. ನೀ ಅಂದ್ರ ನಿಮ್ಮತ್ತಿ ಮ್ಯಾಲ ಕೇಸ್ ಆಗಂಗಿಲ್ಲ, ನಾ ನೋಡ್ಕೋತೀನಿ. ಅನ್ಲಿಲ್ಲಂದ್ರ ಮುದುಕಿ ಠಾಣಾದಾಗ ಕುಂದರ್ತಾಳ. ನಿಮ್ಮ ಕುರಿ ನನ್ನ ಹೊಲದಾಗ ನಿಂದ್ರಂಗಿಲ್ಲ. ಯಾವುದು ಬೇಕು ನೋಡ್ಕೋ."

ಇಷ್ಟು ಹೇಳಿ ಅವನು ಊಟಕ್ಕೆ ಹೋದ. ಅವನ ಹಸಿವಿಗೆ ಯಾರ ಕೂಸಿನ ತೊಡೆಯೂ ಅಡ್ಡ ಬರುವುದಿಲ್ಲ.

ಈಗ ಮೊದಲಿನಿಂದ ಹೇಳಬೇಕು.

ಅಂಬ್ರಪ್ಪನನ್ನು ಡಾಕ್ಟರ್ ಮಾಡಿದ್ದು ಯಾವ ಕಾಲೇಜೂ ಅಲ್ಲ, ಅವನ ಅಕ್ಕನ ಗಂಡ. ಆ ಗಂಡನೇ ಬಸವಂತರಾಯ. ಅಂಬ್ರಪ್ಪ ಸುರಪುರದ ಒಂದು ಔಷಧದ ಅಂಗಡಿಯಲ್ಲಿ ಡಬ್ಬಿಗಳ ಧೂಳು ಒರೆಸುತ್ತ ಕೆಲವು ವರ್ಷ ಕಳೆದ. ಅಲ್ಲಿಂದ ಹೊರಬಿದ್ದ ಮೇಲೆ ಹುಣಸಗಿಯ ಹತ್ತಿರದ ಈ ಹಳ್ಳಿಗೆ ಬಂದು ಭಾವನ ಮಳಿಗೆಯಲ್ಲಿ ಬಾಗಿಲು ತೆರೆದ. ಕೊರಳಿಗೆ ಸ್ಟೆತಾಸ್ಕೋಪು ನೇತು ಹಾಕಿಕೊಂಡ. ಜ್ವರಕ್ಕೆ ಸೂಜಿ, ಕೆಮ್ಮಿಗೆ ಸೂಜಿ, ಸೊಂಟ ಹಿಡಿದರೆ ಸೂಜಿ, ಏನೂ ಆಗಿರದಿದ್ದರೆ ಶಕ್ತಿಗೆ ಸೂಜಿ. ಮನುಷ್ಯರಿಂದ ಬಿಡುವಾದಾಗ ಆಡು, ಕುರಿ, ಎಮ್ಮೆ. ಚೀಲ ಮಾತ್ರ ಒಂದೇ. ಸರ್ಕಾರಿ ಡಾಕ್ಟರು ಯಾವತ್ತು ಇರುತ್ತಾರೋ ಯಾವತ್ತು ಇಲ್ಲವೋ, ಅಂಬ್ರಪ್ಪ ಮಾತ್ರ ಯಾವಾಗಲೂ ಇರುತ್ತಿದ್ದ. ಸೊಳ್ಳೆಯೂ ಯಾವಾಗಲೂ ಇರುತ್ತದೆ.

ಹುಲಿಗೆಮ್ಮನ ಗಂಡ ಸಾಬಣ್ಣನ ಮನೆತನ ಕೊಂಕಲ್ ಕಡೆಯದು. ಕಾಲುವೆಯ ಭತ್ತ ಕೊಯ್ಲಾದ ಮೇಲೆ ಕುರಿ ಹೊಡೆದುಕೊಂಡು ಪ್ರತಿ ವರ್ಷ ಈ ಕಡೆ ಬರುತ್ತಾರೆ. ಹಗಲೆಲ್ಲ ಕುರಿ ಕೂಳೆ ಮೇಯುತ್ತವೆ. ಹೊತ್ತು ಮುಳುಗಿದ ಮೇಲೆ ಸಾಹುಕಾರನ ಗದ್ದೆಯಲ್ಲೇ ಬಲೆ ಕಟ್ಟಿ ಅದರೊಳಗೆ ಅವನ್ನು ತರುಬುತ್ತಾರೆ. ಹಿಕ್ಕೆ ಉಚ್ಚೆ ನೆಲಕ್ಕಿಳಿದು ಮುಂದಿನ ಬೆಳೆ ಕಪ್ಪಗೆ ಏಳುತ್ತದೆ. ಬಸವಂತರಾಯನ ಗದ್ದೆಯ ಹಸಿರು ಕಂಡು ಊರು ಅವನ ಪುಣ್ಯ ಹೊಗಳುತ್ತದೆ. ಆ ಪುಣ್ಯ ಬಂದದ್ದು ಸಾಬಣ್ಣನ ಕುರಿಗಳ ಹಿಂಭಾಗದಿಂದ. ಆದರೂ ಆ ಮನೆಯ ಹೆಂಗಸರು ಕುರಿಯವರು ಅಂಗಳಕ್ಕೆ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಾರೆ.

ಹುಲಿಗೆಮ್ಮ ಹಸಿ ಬಾಣಂತಿಯಾಗಿಯೇ ಈ ದಾರಿ ನಡೆದು ಬಂದಿದ್ದಳು. ಬೆನ್ನಿಗೆ ಕಂಬಳಿಯ ಜೋಳಿಗೆ, ಜೋಳಿಗೆಯಲ್ಲಿ ಕೂಸು. ಕೂಸಿಗೆ ಮೌನೇಶ ಎಂದು ಹೆಸರಿಟ್ಟಿದ್ದರು. ಗೂಟ ಬಡಿಯುವುದು ಅವಳೇ, ಬಲೆ ಕಟ್ಟುವುದು ಅವಳೇ, ದೂರದ ಬೋರಿನಿಂದ ನೀರು ಹೊರುವುದು ಅವಳೇ. ಕುಂಟುವ ಕುರಿ ಹೆಗಲಿಗೆ, ಅಳುವ ಕೂಸು ಬೆನ್ನಿಗೆ. ಹೊಲಿಗೆಯ ಗಾಯ ಮಾಯುವ ಮೊದಲೇ ಅವಳು ಮೊಳಕಾಲೂರಿ ಟಗರು ಕೆಡವುತ್ತಿದ್ದಳು.

ಆ ದಿನ ಅಂಬ್ರಪ್ಪ ಕುರಿಗಳಿಗೆ ಸೂಜಿ ಹಾಕಲು ಮೋಟರ್ ಸೈಕಲ್ ಮೇಲೆ ಹಟ್ಟಿಗೆ ಬಂದ. ಸಾಬಣ್ಣ ಕುರಿ ಹಿಡಿದು ತಂದು ಕೊಡುವುದು, ಹುಲಿಗೆಮ್ಮ ಅದರ ಕುತ್ತಿಗೆಯ ಮೇಲೆ ಮೊಳಕಾಲಿಟ್ಟು ಹಿಂಗಾಲು ಎಳೆದು ಹಿಡಿಯುವುದು, ಅಂಬ್ರಪ್ಪ ತೊಡೆಗೆ ಚುಚ್ಚುವುದು. ಒಂದಾದ ಮೇಲೆ ಒಂದು. ಸೂಜಿ ಬದಲಿಸಲಿಲ್ಲ. ಹಿಕ್ಕೆಯಲ್ಲಿ ಬಿದ್ದರೆ ಎತ್ತಿ ಪ್ಯಾಂಟಿಗೆ ಒರೆಸಿದ. ಕೊನೆಗೆ ಸ್ಟೀಲಿನ ಬಟ್ಟಲಿನ ನೀರಿನಲ್ಲಿ ಅದ್ದಿಟ್ಟು ಚಹಾ ಕೇಳಿದ.

ಕೂಸಿಗೆ ಹಿಂದಿನ ದಿನದಿಂದ ಮೈ ಬೆಚ್ಚಗಿತ್ತು. ನೆಗಡಿ ಇದ್ದೀತು. ಹುಲಿಗೆಮ್ಮ ಚಹಾ ಕೊಡುತ್ತ ಅದನ್ನು ಹೇಳಿದಳು.

"ತಾ ಇಲ್ಲಿ. ಒಂದು ಸೂಜಿಗಿ ಇಳೀತದ" ಎಂದ ಅಂಬ್ರಪ್ಪ.

ತಂದಳು. ಯಾಕೆ ತರಬಾರದು? ಕುರಿ ಸತ್ತರೆ ಮನೆ ಸತ್ತಂತೆ ಎಂದು ತಿಳಿದ ಮಂದಿ. ಕುರಿಯ ಮೈ ಯಾರ ಕೈಗೆ ಕೊಡುತ್ತಾರೋ ಕೂಸಿನ ಮೈಯನ್ನೂ ಅವನ ಕೈಗೇ ಕೊಡುತ್ತಾರೆ. ಕುರಿಗೆ ಆಗಿಬಂದವನು ಕೂಸಿಗೆ ಆಗಿಬರುವುದಿಲ್ಲವೇ ಎಂಬ ನಂಬಿಕೆ. ಹುಲಿಗೆಮ್ಮ ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿ, ಬಟ್ಟೆ ಸರಿಸಿ, ಕಾಲು ಎಳೆದು ಹಿಡಿದಳು. ಕುರಿ ಹಿಡಿದಂತೆಯೇ ಹಿಡಿದಳು. ಅಂಬ್ರಪ್ಪ ಅದೇ ಬಟ್ಟಲಿನಿಂದ ಸೂಜಿ ಎತ್ತಿ, ಬೇರೆ ಔಷಧ ಎಳೆದು, ಎಡ ತೊಡೆಗೆ ಚುಚ್ಚಿದ. ಕೂಸು ಚೀರಿತು. ಅವನು ಚಹಾ ಮುಗಿಸಿ ಹೋದ.

ಜ್ವರ ಇಳಿಯಲಿಲ್ಲ. ಮರುದಿನ ಮೈ ಹೆಂಚಿನ ಹಾಗೆ ಕಾಯಿತು. ಕೂಸು ಮೊಲೆ ಹಿಡಿದು ಬಿಡುತ್ತಿತ್ತು. ಅತ್ತೆ ಭೀಮಮ್ಮನಿಗೆ ಗೊತ್ತಿದ್ದ ಮದ್ದು ಒಂದೇ. ಅವಳ ಅವ್ವ ಅವಳಿಗೆ ಮಾಡಿದ್ದು, ಅವಳು ಸಾಬಣ್ಣನಿಗೆ ಮಾಡಿದ್ದು. ಅರಿಶಿಣದ ಕೊಂಬನ್ನು ಕೆಂಡದಲ್ಲಿಟ್ಟು, ಕಣ್ಣು ಮುಚ್ಚಿ ಕುಲದೇವರು ಬೀರಪ್ಪನನ್ನು ನೆನೆದು, ಹೊಕ್ಕುಳದ ಸುತ್ತ ಬರೆ ಹಾಕಿದಳು. ಜೋಳದ ಕಾಳಿನಷ್ಟು ದೊಡ್ಡವು. ಹುಲಿಗೆಮ್ಮ ಬೇಡ ಅನ್ನಲಿಲ್ಲ. ಕೂಸು ಕೀಂ ಎಂದು ಅತ್ತು ಸುಮ್ಮನಾಯಿತು. ಆಮೇಲೆ ಅದು ಜೋರಾಗಿ ಅಳಲೇ ಇಲ್ಲ.

ಅಷ್ಟೊತ್ತಿಗೆ ತೊಡೆ ಬಾತಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಸೂಜಿ ಚುಚ್ಚಿದ ಜಾಗ ಮೊದಲು ಕೆಂಪಗೆ, ಆಮೇಲೆ ನೇರಳೆಯಾಗಿ ಬೊಬ್ಬೆ ಎದ್ದಿತು. ಹುಲಿಗೆಮ್ಮ ಕೂಸನ್ನು ಎತ್ತಿಕೊಂಡು ಅಂಬ್ರಪ್ಪನ ಮಳಿಗೆಗೆ ಓಡಿದಳು. ಅವನು ತೊಡೆ ನೋಡಿದ. ಮುಖ ಬಿಳಿಚಿತು. ಆಮೇಲೆ ಹೊಟ್ಟೆ ನೋಡಿದ. ಹೋದ ಬಣ್ಣ ತಿರುಗಿ ಬಂತು.

"ಬರಿ ಹಾಕೀರಿ! ಅದಕ್ಕ ಹಿಂಗಾಗೇದ. ಮಾಡೂದೆಲ್ಲ ಮಾಡಿ ನನ್ನ ತಲಿಗಿ ಕಟ್ಟಾಕ ಬಂದೀರೇನು? ನಡೀರಿ, ನಡೀರಿ."

ಮುಲಾಮಿನ ಒಂದು ಟ್ಯೂಬು ಎಸೆದು ಬಾಗಿಲು ಎಳೆದುಕೊಂಡ.

ಅವಳು ಹಟ್ಟಿಗೆ ಬಂದಾಗ ಸಾಬಣ್ಣ ಒಂದು ಸತ್ತ ಕುರಿಯ ತೊಗಲು ಬಿಚ್ಚುತ್ತಿದ್ದ. ಅಂಬ್ರಪ್ಪ ಸೂಜಿ ಹಾಕಿದ ಕುರಿ. ಹಿಂದೊಡೆಯ ತೊಗಲು ಸರಿಸಿದವನು ಕೈ ನಿಲ್ಲಿಸಿ ಕೂತಿದ್ದ. ಒಳಗೆ ಮಾಂಸ ಕೆಂಪಗಿರಲಿಲ್ಲ. ಕಪ್ಪಗಿತ್ತು. ಒತ್ತಿದರೆ ಗುಳ್ಳೆ ಏಳುತ್ತಿತ್ತು. ನಾತ ಹೊಡೆಯುತ್ತಿತ್ತು. ಹುಲಿಗೆಮ್ಮ ಆ ನಾತವನ್ನು ಗುರುತಿಸಿದಳು. ಬೆಳಗಿನಿಂದ ಅವಳ ಮಡಿಲಿನಲ್ಲೇ ಅದು ಇತ್ತು.

"ಹೆಣ್ಣೇ, ಇದನ್ನ ತಗೊಂಡು ಓಡು" ಎಂದ ಸಾಬಣ್ಣ. ಇದನ್ನ ಎಂದದ್ದು ಮಗನನ್ನು.

ಬಳೆ ಮಾರುವ ಮಸ್ತಾನಬಿಗೆ ಈ ಸೀಮೆಯ ಬಸ್ಸುಗಳೆಲ್ಲ ಗೊತ್ತು. ಬಳೆಯ ಮಲಾರ ಕೆಳಗಿಟ್ಟು ಅವಳೇ ಜೊತೆಗೆ ಹೊರಟಳು. ಹುಣಸಗಿಯಿಂದ ಸುರಪುರ. ಅಲ್ಲಿಯವರು ಕೂಸಿನ ಮೇಲಿನ ಬಟ್ಟೆ ಎತ್ತಿ, ಕೂಡಲೇ ಇಳಿಸಿ, ಮುಂದೆ ಹೋಗಿ ಎಂದರು. ಮುಂದೆ ಒಂದು ದೊಡ್ಡ ಆಸ್ಪತ್ರೆ. ಹೆಸರು ಬೇಡ. ಹೆಸರು ಹೇಳಿದರೆ ದೊಡ್ಡ ಕಟ್ಟಡಗಳಿಗೆ ಬಹಳ ಬೇಗ ನೋವಾಗುತ್ತದೆ.

ಬಾಗಿಲಲ್ಲಿ ಕಾವಲಿನವನು ಕಂಬಳಿ ಹೊರಗಿಡು ಎಂದ. ನರ್ಸಮ್ಮ ಮೂಗು ಮುಚ್ಚಿಕೊಂಡಳು. ಕೊಳೆತ ಮಾಂಸದ ನಾತಕ್ಕೆ ಅಲ್ಲ, ಅದು ಅವಳಿಗೆ ದಿನದ ಅಭ್ಯಾಸ. ಕುರಿಯ ನಾತಕ್ಕೆ. "ಸ್ನಾನ ಗೀನ ಮಾಡ್ತೀರೋ ಇಲ್ಲೋ? ಕೂಸು ಇಷ್ಟಾಗೋತನಕ ಏನು ಕುರಿ ಎಣಿಸ್ತಿದ್ದಿ?" ಎಂದಳು. ಹುಲಿಗೆಮ್ಮ ಕೂಸನ್ನು ಚಾಚಿ ಹಿಡಿದೇ ನಿಂತಳು. ಹೊಟ್ಟೆಯ ಬರೆ ಕಂಡದ್ದೇ ನರ್ಸಮ್ಮನ ಬಾಯಿ ಇನ್ನೂ ದೊಡ್ಡದಾಯಿತು. ಇವರೆಲ್ಲ ತಾಯಂದಿರಲ್ಲ, ರಾಕ್ಷಸರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕತ್ತರಿಸಿದವರು ಡಾಕ್ಟರ್ ಮಹೇಶಕುಮಾರ. ಕೈ ಒಳ್ಳೆಯದಿತ್ತು, ಅದನ್ನು ಇಲ್ಲ ಎನ್ನಬಾರದು. ಸತ್ತ ಮಾಂಸವನ್ನೆಲ್ಲ ತೆಗೆದು ಹೊರಗೆ ಬಂದು, ಮಾಸ್ಕು ಇಳಿಸಿ, ಹುಲಿಗೆಮ್ಮ ಮತ್ತು ಮಸ್ತಾನಬಿಯ ಎದುರಿಗೇ ಹೇಳಿದರು: "ಈ ಕೂಸಿಗೆ ಇಂಜೆಕ್ಷನ್ ಯಾರು ಮಾಡ್ಯಾರ? ಹೊಲಸು ಸೂಜಿಂದ ಆಗೇದ ಇದು. ಸೂಜಿ ಹಾದಿಲೇ ಒಳಗ ಹೋಗಿ ಮಾಂಸ ತಿಂದದ. ಒಂದು ದಿನ ತಡಾ ಆಗಿದ್ರ ಕೂಸು ಉಳೀತಿರಲಿಲ್ಲ."

"ಹೊಟ್ಟಿ ಮ್ಯಾಲ ಬರಿ ಹಾಕ್ಯಾರ್ರಿ..." ಎಂದಳು ಹುಲಿಗೆಮ್ಮ.

"ಅದು ತಪ್ಪು. ಆದ್ರ ಅದು ಮ್ಯಾಲಿನ ಚರ್ಮ, ಮಾಯ್ತದ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಯಾರವ ಅವ, ಇಂಜೆಕ್ಷನ್ ಮಾಡಿದವ?"

ಅವಳು ಹೆಸರು ಹೇಳಿದಳು. ಊರು ಹೇಳಿದಳು. ಯಾರ ಭಾಮೈದ ಎಂಬುದನ್ನೂ ಹೇಳಿದಳು. ಅದೇ ಅವಳು ಮಾಡಿದ ತಪ್ಪು.

ಆಮೇಲಿನ ದಿನಗಳು ಪಟ್ಟಿ ಬಿಚ್ಚಿ ಪಟ್ಟಿ ಕಟ್ಟುವ ದಿನಗಳು. ಹತ್ತಿಬಟ್ಟೆ ಹಸಿಮಾಂಸಕ್ಕೆ ಅಂಟಿಕೊಂಡಿರುತ್ತಿತ್ತು. ನರ್ಸಮ್ಮ ಎಳೆಯುವಾಗ ಕಾಲು ಅಲುಗದಂತೆ ಹಿಡಿಯಬೇಕಾದವಳು ತಾಯಿ. ಹುಲಿಗೆಮ್ಮ ಹಿಡಿದಳು. ದಿನಾ ಹಿಡಿದಳು. ಮಗನ ತೊಡೆಯಲ್ಲಿ ಅವಳ ಮುಷ್ಟಿ ಕೂರುವಷ್ಟು ಹಳ್ಳ ಬಿದ್ದಿತ್ತು. ಕೂಸಿಗೆ ಮೊಲೆ ಕುಡಿಯುವ ತ್ರಾಣ ಇರಲಿಲ್ಲ. ಅವಳ ಎದೆ ಕಲ್ಲಾಗಿ ರವಿಕೆ ತೊಯ್ದು ಹೋಗುತ್ತಿತ್ತು. ಬಟ್ಟೆ ತೊಳೆಯುವ ನಲ್ಲಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದಳು. ಹಾಲು ಮೋರಿಗೆ ಹೋಗುವುದನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಬಸವಂತರಾಯ ಬಂದ. ಕೂಸಿನ ಹತ್ತಿರ ಅಲ್ಲ. ಡಾಕ್ಟರ ಕೋಣೆಗೆ. ಒಳಗೆ ಚಹಾ ಹೋಯಿತು, ನಗು ಹೊರಗೆ ಬಂತು. ಮರುದಿನದಿಂದ ಡಾಕ್ಟರ್ ಮಹೇಶಕುಮಾರ ಸೂಜಿ ಎಂಬ ಮಾತನ್ನೇ ಮರೆತರು. ಕಲಿಯುವ ಹುಡುಗ ಹುಡುಗಿಯರನ್ನು ಹಾಸಿಗೆಯ ಸುತ್ತ ನಿಲ್ಲಿಸಿ, ಕೂಸಿನ ಅಂಗಿ ಎತ್ತಿ, ಹೊಟ್ಟೆಯ ಕಲೆ ತೋರಿಸಿ, ಮೂಢನಂಬಿಕೆಯಿಂದ ಎಂಥ ಅನಾಹುತ ಆಗುತ್ತದೆ ನೋಡಿ ಎಂದು ಪಾಠ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಮಾಡಿದವರು ಇಂಥವರನ್ನು ನೋಡಿಯೇ ಮಾಡಿರಬೇಕು. ಹುಲಿಗೆಮ್ಮ ಕಿಟಕಿಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು.

ಕೂಸು ಉಳಿಯಿತು. ಬಲ ತೊಡೆಯ ಚರ್ಮ ಕಿತ್ತು ಎಡ ತೊಡೆಗೆ ಹಚ್ಚಿದರು. ಎಡಗಾಲು ಸಣ್ಣಗಾಗಿ ಒಳಕ್ಕೆ ಸೆಳೆದುಕೊಂಡಿತು. ನಡೆಯುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ಕೇಳಿದರೆ ಬರೆ ಹಾಕುವಾಗ ಕೇಳಬೇಕಿತ್ತು ಎಂದರು.

ಹಟ್ಟಿಗೆ ತಿರುಗಿ ಬಂದಾಗ ಭೀಮಮ್ಮ ಎದ್ದು ಬರಲಿಲ್ಲ. ಬಲೆಯ ಆಚೆ ಕೂತಿದ್ದಳು. ಸೊಸೆ ಕೂಸು ಚಾಚಿದರೆ ಕೈ ಹಿಂದೆ ಕಟ್ಟಿಕೊಂಡಳು.

"ಈ ಕೈ ಮುಟ್ಟಬಾರದವ್ವಾ ಅದನ್ನ" ಎಂದಳು.

"ಅತ್ತೀ, ಬರಿಂದ ಆಗಿದ್ದಲ್ಲ. ಡಾಕ್ಟರ್ ಬಾಯಿಲೇ ಕೇಳೀನಿ ನಾ."

"ನೀ ನನ್ನ ಸಮಾಧಾನಕ್ಕ ಅಂತಿ. ಊರೆಲ್ಲ ಒಂದು ಅಂತದ. ಡಾಕ್ಟರೂ ಈಗ ಅದನ್ನೇ ಅಂತಾನ. ಇಷ್ಟು ಮಂದಿ ಓದಿದವರು ಸುಳ್ಳು ಅಂತಾರೇನು?"

ಇದೇ ಅಂಬ್ರಪ್ಪನ ಎರಡನೆಯ ಸೂಜಿ. ಮೊದಲನೆಯದು ಕೂಸಿನ ತೊಡೆ ತಿಂದಿತು. ಎರಡನೆಯದು ಮುದುಕಿಯನ್ನು ತಿನ್ನುತ್ತಿತ್ತು. ಭೀಮಮ್ಮ ಆ ಬಲಗೈಯಿಂದ ಊಟ ಮಾಡುವುದನ್ನೂ ಬಿಟ್ಟಿದ್ದಳು.

ಸಾಹುಕಾರ ಕೊಟ್ಟಿಗೆಯಲ್ಲಿ ಹೇಳಿಕೊಟ್ಟ ಮಾತು ಕೇಳಿ ಅವಳೇ ಸೊಸೆಗೆ ಅಂದಳು: "ಅಂದುಬಿಡವ್ವಾ. ನಾ ಗೋರಿಗಿ ಕಾಲು ಚಾಚಿದಾಕಿ. ನನ್ನ ಹೆಸರು ಕೆಟ್ರ ಏನಾತು? ಕುರಿಗಿ ಮೇವು ಉಳೀತದ." ಸಾಬಣ್ಣ ಕುರಿ ನೋಡಿದ, ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಗಂಡಸರು ಇಂಥ ಹೊತ್ತಿಗೆ ಬೀಡಿ ಹುಡುಕುತ್ತಾರೆ. ಅವನೂ ಹುಡುಕಿದ.

ಶಿಬಿರ ಬಂತು. ಬಸವಂತರಾಯ ತನ್ನ ಅಪ್ಪನ ನೆನಪಿಗೆ ತಾಯಿ ಮಕ್ಕಳ ಆರೋಗ್ಯ ಜಾಗೃತಿ ಶಿಬಿರ ಇಟ್ಟಿದ್ದ. ಅಪ್ಪ ಬದುಕಿದ್ದಾಗ ಅವನಿಗೆ ಒಂದು ಲೋಟ ನೀರು ಕೊಡದವನು ಸತ್ತ ಮೇಲೆ ಊರಿಗೆಲ್ಲ ಶರಬತ್ತು ಹಂಚಿದ. ಶಾಮಿಯಾನ ಹಾಕಿತ್ತು. ವೇದಿಕೆಯ ಮೇಲೆ ಹೂವಿನ ಕುರ್ಚಿ, ಹಿಂದೆ 'ಮೌಢ್ಯ ತೊಲಗಲಿ' ಎಂಬ ಬಟ್ಟೆ. ಕುರ್ಚಿಗಳಲ್ಲಿ ಸಾಹುಕಾರ, ಡಾಕ್ಟರ್ ಮಹೇಶಕುಮಾರ, ಇನ್ನೂ ಕೆಲವು ಹೊಟ್ಟೆಗಳು. ಕೊನೆಯ ಕುರ್ಚಿಯಲ್ಲಿ ಬಡವರ ವೈದ್ಯ ಎಂದು ಶಾಲು ಹೊದಿಸಿಕೊಂಡ ಅಂಬ್ರಪ್ಪ. ವೇದಿಕೆಯ ಪಕ್ಕದಲ್ಲಿ ಒಂದು ಮೇಜು. ಮೇಜಿನ ಮೇಲೆ ಅವನ ಚೀಲ, ಸ್ಟೀಲಿನ ಬಟ್ಟಲು. ಭಾಷಣ ಮುಗಿದ ಮೇಲೆ ಮಕ್ಕಳಿಗೆಲ್ಲ ಶಕ್ತಿ ಸೂಜಿ, ಬಿಟ್ಟಿ. ಡಾಕ್ಟರ್ ಮಹೇಶಕುಮಾರ ಆ ಮೇಜಿನ ಕಡೆ ನೋಡಲಿಲ್ಲ. ಅವರು ಓದಿದ ವಿದ್ಯೆಯಲ್ಲಿ ಎಲ್ಲಿ ನೋಡಬಾರದು ಎಂಬುದೂ ಸೇರಿತ್ತು.

ಭೀಮಮ್ಮನನ್ನು ಶಾಮಿಯಾನದ ಹೊರಗೆ ಚಪ್ಪಲಿಗಳ ಹತ್ತಿರ ಕೂರಿಸಿದ್ದರು.

ಡಾಕ್ಟರ್ ಮಾತಾಡಿದರು. ಹಳ್ಳಿಯ ಜನ ಮುಗ್ಧರು ಎಂದರು. ಮುಗ್ಧತೆಯೇ ಮಕ್ಕಳ ಶತ್ರು ಎಂದರು. ಚಪ್ಪಾಳೆ ಬಿತ್ತು. ಹುಲಿಗೆಮ್ಮ ವೇದಿಕೆಯ ಮೆಟ್ಟಿಲ ಹತ್ತಿರ ಕೂಸು ಹಿಡಿದು ಕಾಯುತ್ತಿದ್ದಳು. ಸಾಹುಕಾರ ಕಲಿಸಿದ್ದನ್ನು ಅಂದುಬಿಡೋಣ ಎಂದೇ ಬಂದಿದ್ದಳು. ಮಾತು ಬಾಯಿಯಲ್ಲಿತ್ತು. ಪಕ್ಕದಲ್ಲಿ ಮೆಣಸಿನಕಾಯಿ ಬಿಡಿಸಲು ಬಂದ ಒಬ್ಬ ಬಾಣಂತಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಹುಲಿಗೆಮ್ಮನ ಸೆರಗು ಎಳೆದು ಕೇಳಿದಳು:

"ಯಕ್ಕಾ, ಸೂಜಿ ಯಾವಾಗ ಹಾಕ್ತಾರ? ನನ್ನ ಕೂಸಿಗಿ ಮೈ ಬೆಚ್ಚಗದ."

ಹುಲಿಗೆಮ್ಮ ಆ ಕೂಸನ್ನು ನೋಡಿದಳು. ತೊಡೆ ಗುಂಡಗಿತ್ತು, ಬೆಣ್ಣೆಯ ಮುದ್ದೆ. ಮೌನೇಶನದೂ ಹಾಗೇ ಇತ್ತು. ಬಾಯಲ್ಲಿದ್ದ ಮಾತು ಅಲ್ಲೇ ಸತ್ತಿತು.

ಅವಳ ಹೆಸರು ಕೂಗಿದರು. ಏರಿದಳು. ಯಾರೋ ಮೈಕು ಬಾಯಿಗೆ ಹಿಡಿದರು. ಬಸವಂತರಾಯ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಅನ್ನು" ಎಂದ. ಕುರಿಗೆ ಹೇಳಿದಂತೆ ಹೇಳಿದ.

ಹುಲಿಗೆಮ್ಮ ಕೂಸಿನ ಅಂಗಿ ಬಿಚ್ಚಿದಳು. ಲಂಗೋಟಿ ಬಿಚ್ಚಿದಳು. ಬೆತ್ತಲೆ ಕೂಸನ್ನು ಜನದ ಕಡೆ ಹಿಡಿದಳು.

"ನೋಡ್ರಿ. ನಮ್ಮತ್ತಿ ಬರಿ ಹಾಕಿದ್ದು ಇಲ್ಲಿ, ಹೊಟ್ಟಿ ಮ್ಯಾಲ. ಮಾದು ಹೋಗೇದ. ಕೊಳ್ತದ್ದು ಇಲ್ಲಿ, ತೊಡಿಯಾಗ. ಹೊಟ್ಟಿ ಮ್ಯಾಲಿನ ಬೆಂಕಿ ತೊಡಿಗಿ ನಡಕೊಂತ ಹೋತೇನು? ಈ ತೊಡಿಗಿ ಸೂಜಿ ಹಾಕಿದವ ಅಕಾ ಅಲ್ಲಿ ಶಾಲು ಹೊತಗೊಂಡು ಕುಂತಾನ. ಕುರಿಗಿ ಹಾಕಿದ ಸೂಜಿಲೇ ಹಾಕಿದ. ನಾನೇ ಕಾಲು ಹಿಡದೀನಿ."

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಜಾಣರು. ಆದರೆ ಬಯಲಿನಾಚೆ ಚದುರಿದ ಹಿಂಡನ್ನು ಕೂಗಿ ಕರೆಯುವ ಹೆಂಗಸಿಗೆ ಮೈಕು ಯಾಕೆ ಬೇಕು? ಹುಲಿಗೆಮ್ಮ ಕುರಿ ಕರೆಯುವ ಗಂಟಲು ತೆರೆದಳು. ಕಾಲುವೆಯ ಆಚೆ ಮೆಣಸಿನ ಹೊಲದಲ್ಲಿದ್ದವರೂ ತಲೆ ಎತ್ತಿದರು.

"ಡಾಕ್ಟರ್ ಸಾಹೇಬ್ರ! ಹೊಲಸು ಸೂಜಿಂದ ಆಗೇದ ಅಂತ ನೀವೇ ಅಂದಿದ್ರಿ. ಬರಿಗೂ ಇದಕ್ಕೂ ಸಂಬಂಧ ಇಲ್ಲ ಅಂದಿದ್ರಿ. ಸಾವಕಾರ್ರ ಚಹಾ ಕುಡಿದ ಮ್ಯಾಲ ಮರ್ತೀರೇನು?"

"ಹೌದು ಅಂದಾರ! ನನ್ನ ಕಿವಿಲೇ ಕೇಳೀನಿ ನಾ" ಎಂದು ಜನರ ನಡುವಿನಿಂದ ಮಸ್ತಾನಬಿ ಎದ್ದಳು. ಅವಳ ಬಳೆಗಳೂ ಎದ್ದವು.

ಡಾಕ್ಟರ್ ಮಹೇಶಕುಮಾರ ಕೈಗಡಿಯಾರ ನೋಡಿಕೊಂಡರು.

"ಇಳೀ ಕೆಳಗ! ತಲಿ ಕೆಟ್ಟದ ಇದಕ್ಕ" ಎಂದು ಬಸವಂತರಾಯ ಎದ್ದ. ಅಷ್ಟರಲ್ಲಿ ಚಪ್ಪಲಿಗಳ ಹತ್ತಿರದಿಂದ ಭೀಮಮ್ಮ ಎದ್ದು ನಡೆದು ಬರುತ್ತಿದ್ದಳು. ಜನ ದಾರಿ ಬಿಟ್ಟರು. ವೇದಿಕೆ ಏರಲಿಲ್ಲ ಅವಳು. ಕೆಳಗೆ ನಿಂತು ಆ ಬಲಗೈ ಮೇಲೆತ್ತಿದಳು.

"ಬರಿ ಹಾಕಿದಾಕಿ ನಾನು. ಹಾಕಬಾರದಿತ್ತು. ಎಳಿ ಕೂಸಿನ ಮೈ ಸುಟ್ಟೆ. ಇನ್ನೊಂದು ಕೂಸಿಗಿ ಹಾಕಿದ್ರ ಈ ಕೈ ಕಡದು ಬೀಳ್ಲಿ. ನನ್ನ ತಪ್ಪು ನಾ ಅಂದೆ. ಅಂಬ್ರಪ್ಪಾ, ನಿನ್ನ ತಪ್ಪು ನೀ ಅನ್ನು."

ಅಂಬ್ರಪ್ಪನ ಶಾಲು ಜಾರಿತು. "ನನ್ನ ಸೂಜಿ ಎಲ್ಲಾ ಸಾಫ್ ಅದಾವ. ದಿನಾ ತೊಳಿತೀನಿ ನಾ" ಎಂದ.

ಹುಲಿಗೆಮ್ಮ ವೇದಿಕೆ ಇಳಿದು ಮೇಜಿನ ಹತ್ತಿರ ಹೋದಳು. ಒಂದು ಕೈಯಲ್ಲಿ ಬೆತ್ತಲೆ ಕೂಸು. ಇನ್ನೊಂದು ಕೈಯಲ್ಲಿ ಸ್ಟೀಲಿನ ಬಟ್ಟಲು ಎತ್ತಿದಳು. ನೀರು ಮಬ್ಬಾಗಿತ್ತು, ಒಂದು ಉಣ್ಣೆಯ ಎಳೆ ತೇಲುತ್ತಿತ್ತು. ತಂದು ಅವನ ಮುಂದೆ ಹಿಡಿದಳು.

"ಸಾಫ್ ಅದಾವಲ್ಲ? ತಗೋ. ಇದರಾಗಿನ ಸೂಜಿ ನಿನ್ನ ತೊಡಿಗಿ ಹಾಕ್ಕೋ. ಔಷಧ ಬ್ಯಾಡ. ಖಾಲಿ ಸೂಜಿ ಚುಚ್ಚಿಕೋ, ಸಾಕು. ನಾ ಕಾಲು ಹಿಡೀತೀನಿ. ನನಗ ಹಿಡದು ರೂಢಿ ಅದ."

ಅಂಬ್ರಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. ಎರಡೂ ಕೈಗಳಿಂದ ತನ್ನ ತೊಡೆ ಮುಚ್ಚಿಕೊಂಡ. ಇಷ್ಟು ವರ್ಷ ಊರಿನ ತೊಡೆಗಳನ್ನೆಲ್ಲ ಚುಚ್ಚಿದವನಿಗೆ ತನ್ನ ತೊಡೆ ಎಷ್ಟು ಪ್ರೀತಿ ಎಂದು ಊರು ಅವತ್ತು ಕಣ್ಣಾರೆ ನೋಡಿತು.

ಹುಲಿಗೆಮ್ಮ ಬಟ್ಟಲನ್ನು ಡಾಕ್ಟರ ಕಡೆ ತಿರುಗಿಸಿದಳು. "ನೀವು ಹಾಕ್ಕೋರಿ ಸಾಹೇಬ್ರ. ಸೂಜಿಂದ ಏನೂ ಆಗಂಗಿಲ್ಲಲ್ಲ." ಡಾಕ್ಟರ್ ಎದ್ದು ನಿಂತು ಕಾರಿನ ಚಾವಿ ಹುಡುಕಿದರು. "ನೀವು, ಸಾವಕಾರ್ರ? ನಿಮ್ಮ ಮನಿ ಡಾಕ್ಟರ್ ಅಲ್ಲೇನು?"

ಬಸವಂತರಾಯ ಬಟ್ಟಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಹಾವು ಕಂಡಂತೆ ಸರಿದ. ಆ ಒಂದು ಹೆಜ್ಜೆ ಸಾಕಾಯಿತು. ಮೆಣಸಿನಕಾಯಿ ಬಿಡಿಸುವ ಬಾಣಂತಿ ಮೊದಲು ಎದ್ದಳು. ಕೂಸನ್ನು ಎದೆಗೆ ಅವಚಿ ಶಾಮಿಯಾನದಿಂದ ಹೊರಗೆ ಹೋಗಿ, ಮಸ್ತಾನಬಿಯನ್ನು ಸುರಪುರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಸಾಲೇ ಎದ್ದಿತು.

"ನಾಳಿಂದ ನಿಮ್ಮ ಕುರಿ ನನ್ನ ಹೊಲದಾಗ ಕಂಡ್ರ ಕಾಲು ಮುರೀತೀನಿ! ಠಾಣಾಕ್ಕ ಹಾಕಸ್ತೀನಿ ಮುದುಕಿನ್ನ!" ಎಂದು ಬಸವಂತರಾಯ ಖಾಲಿಯಾಗುತ್ತಿದ್ದ ಕುರ್ಚಿಗಳಿಗೆ ಕೂಗಿದ.

"ಹಾಕಸ್ರಿ. ಇಲ್ಲಿ ಅಂದದ್ದೇ ಅಲ್ಲೂ ಅಂತೀವಿ" ಎಂದಳು ಹುಲಿಗೆಮ್ಮ. ಬಟ್ಟಲನ್ನು ತನಗೆ ಕೊಡಲು ಇಟ್ಟಿದ್ದ ಸೀರೆ, ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇಟ್ಟು ನಡೆದಳು. ಬುಟ್ಟಿ ಮುಟ್ಟಲಿಲ್ಲ.

ನಾಳೆಯವರೆಗೆ ಯಾರು ಕಾಯುತ್ತಾರೆ? ಬಿಸಿಲು ಇಳಿಯುವ ಮೊದಲೇ ಸಾಬಣ್ಣ ಗೂಟ ಕೀಳಲು ಶುರು ಮಾಡಿದ್ದ. ಯಾರೂ ಹೇಳಿರಲಿಲ್ಲ. ಹುಲಿಗೆಮ್ಮ ಬಲೆ ಸುತ್ತಲು ಬಗ್ಗಿದಾಗ ಕೂಸನ್ನು ಎಲ್ಲಿಡಲಿ ಎಂದು ಸುತ್ತ ನೋಡಿದಳು. ಭೀಮಮ್ಮ ಎರಡೂ ಕೈ ಚಾಚಿ ನಿಂತಿದ್ದಳು. ಬಲಗೈಯನ್ನೂ ಚಾಚಿದ್ದಳು. ಹುಲಿಗೆಮ್ಮ ಕೊಟ್ಟಳು. ಮುದುಕಿ ಕೂಸಿನ ಸೆಳೆದ ಕಾಲನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಯಾರೂ ಅವಳನ್ನು ತಡೆಯಲಿಲ್ಲ.

ಹಿಂಡು ರಸ್ತೆಗೆ ಬಿದ್ದಾಗ ಸಾಹುಕಾರನ ಆಳುಮಗ ಒಬ್ಬ ಗದ್ದೆಯ ಬದುವಿನ ಮೇಲೆ ಏದುಸಿರು ಬಿಡುತ್ತ ಓಡಿ ಬಂದ.

"ಸಾವಕಾರ್ರು ಸಿಟ್ಟಿನಾಗ ಅಂದ್ರಂತ. ಇನ್ನೊಂದು ವಾರ ಇರ್ರಿ ಅಂತಾರ. ಹೊಲಕ್ಕ ಗೊಬ್ಬರ ಅರ್ಧಾ ಆಗೇದ, ಇನ್ನರ್ಧಾ ಉಳದದ."

ಹುಲಿಗೆಮ್ಮ ಕಂಬಳಿ ಹೆಗಲಿಗೆ ಎಸೆದುಕೊಂಡಳು.

"ಉಳದದ್ದಕ್ಕ ಶಿಬಿರದಾಗಿನ ಭಾಷಣ ಹಾಕ್ಕೋ ಅಂತ ಹೇಳು."

ಆಳುಮಗ ನಗಬೇಕೋ ಬೇಡವೋ ಎಂದು ನಿಂತ. ಕುರಿಗಳು ಅವನನ್ನು ಬಳಸಿ ಮುಂದೆ ಹೋದವು. ಎಲ್ಲಕ್ಕಿಂತ ಮುಂದೆ ಭೀಮಮ್ಮ ನಡೆಯುತ್ತಿದ್ದಳು. ಮೌನೇಶ ಅವಳ ಬಗಲಲ್ಲಿದ್ದ.